ಟಿ.ವಿ.ಯಲ್ಲಿ ಯಾರ ಮನೆ ಕಾಣುತ್ತದೆ, ಯಾರದು ಕಾಣುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಟಿ.ವಿ. ನೋಡುವುದರ ಬಗ್ಗೆ ಮಾತಾಡಲು ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಗಳು ಇವು. ಕೇಳುವವರಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿದ್ದಾರೆ, ಅವರ ಅಪ್ಪ ಅಮ್ಮಂದಿರಿದ್ದಾರೆ, ಕೇಬಲ್ ಚಾನೆಲ್‌ಗಳಲ್ಲಿ ಕೆಲಸ ಮಾಡುವವರೂ ಇದ್ದಾರೆ. ಬಣ್ಣ, ಜಾತಿ, ಧರ್ಮ, ಭಾಷೆ ನಾಲ್ಕೂ ಇಲ್ಲಿ ಒಟ್ಟಿಗೇ ಬರುತ್ತವೆ. ನಮ್ಮಲ್ಲಿ ಇವನ್ನು ಬೇರೆ ಬೇರೆ ಮಾಡಿ ಮಾತಾಡುವುದು ಕಷ್ಟ.

ಟಿ.ವಿ. ಸುಮ್ನೆ ಮನರಂಜನೆ ಅಲ್ವಾ? ಅದರಲ್ಲಿ ಯಾರು ಕಾಣುತ್ತಾರೆ ಅನ್ನುವುದು ಅಷ್ಟು ದೊಡ್ಡ ವಿಷಯವಾ?

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ಅಕ್ಕಪಕ್ಕದ ಸೀಟಿನಿಂದ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲವೂ ಕೇಳಿಸುತ್ತದೆ. ಒಂದು ಸಮುದಾಯದ ಬಗ್ಗೆ ಟಿ.ವಿ. ತಪ್ಪು ಹೇಳಿದರೆ, ‘ಹಾಗಲ್ಲ, ನನಗೆ ಅವರು ಗೊತ್ತು’ ಎನ್ನಲು ನಮಗೆ ಒಬ್ಬರಾದರೂ ಪರಿಚಯದವರು ಇರುತ್ತಾರೆ. ಆದರೆ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳನ್ನಾಗಲಿ ಇಲ್ಲಿಯ ಬುಡಕಟ್ಟಿನವರಾದ ಕೊರಗರನ್ನಾಗಲಿ ಜೀವನದಲ್ಲಿ ಒಮ್ಮೆಯೂ ಭೇಟಿಯಾಗದ ಜನ ರಾಜ್ಯದಲ್ಲಿ ತುಂಬಾ ಇದ್ದಾರೆ. ಅವರಿಗೆ ಟಿ.ವಿ. ತೋರಿಸಿದ್ದೇ ಪರಿಚಯ.

ಅಮೆರಿಕದಲ್ಲಿ ಜಾರ್ಜ್ ಗರ್ಬ್ನರ್ ಎಂಬ ಸಂಶೋಧಕರು 1960ರ ದಶಕದ ಕೊನೆಯಿಂದ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ಜಾಸ್ತಿ ಟಿ.ವಿ. ನೋಡುವವರು ನಿಜ ಜಗತ್ತನ್ನೂ ಟಿ.ವಿ.ಯಲ್ಲಿ ಕಂಡ ಹಾಗೆಯೇ ನಂಬತೊಡಗುತ್ತಾರೆ ಎಂದು ಅವರು ತೋರಿಸಿದರು. ತೆರೆಯ ಮೇಲೆ ಇಲ್ಲದವರು ಸಮಾಜದ ಲೆಕ್ಕದಿಂದಲೇ ಅಳಿಸಿಹೋಗುತ್ತಾರೆ ಅನ್ನುವುದು ಅವರ ಇನ್ನೊಂದು ಮಾತು. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ.

ಕಾಣಿಸಿದರೆ ಏನಾಗುತ್ತದೆ ಎನ್ನುವುದಕ್ಕೂ ಉದಾಹರಣೆ ಇದೆ. 1966ರಲ್ಲಿ ಶುರುವಾದ ‘ಸ್ಟಾರ್ ಟ್ರೆಕ್’ ಸೀರಿಯಲ್‌ನಲ್ಲಿ ನಿಶೆಲ್ ನಿಕೋಲ್ಸ್ ಎಂಬ ಕಪ್ಪು ನಟಿ ಬಾಹ್ಯಾಕಾಶ ನೌಕೆಯ ಅಧಿಕಾರಿಯ ಪಾತ್ರ ಮಾಡಿದರು. ಅವರು ಸೀರಿಯಲ್ ಬಿಡಲು ಹೊರಟಾಗ, ಬಿಡಬೇಡಿ ಎಂದು ಹೇಳಿದವರು ಸ್ವತಃ ಮಾರ್ಟಿನ್ ಲೂಥರ್ ಕಿಂಗ್. ಆ ಪಾತ್ರವನ್ನು ನೋಡುತ್ತಾ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆಯಾದರು. ಆ ಪಾತ್ರದಿಂದ ಸ್ಫೂರ್ತಿ ಸಿಕ್ಕಿತು ಎಂದು ಅವರೇ ಹೇಳಿದ್ದಾರೆ.

ಈ ಚರ್ಚೆ ಅಮೆರಿಕದಲ್ಲಿ ಹೇಗೆ ಬೆಳೆಯಿತು?

ಜಗಳದಿಂದ. 1951ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ ‘ಏಮಸ್ ಆ್ಯಂಡ್ ಆ್ಯಂಡಿ’ ಎಂಬ ಹಾಸ್ಯ ಸೀರಿಯಲ್ ಬಂತು. ನಟರು ಕಪ್ಪು ಜನರೇ. ಆದರೆ ಪಾತ್ರಗಳು ಹೆಚ್ಚಾಗಿ ಸೋಮಾರಿಗಳು, ಪೆದ್ದರು, ಮೋಸಗಾರರು. ಎನ್‌ಎಎಸಿಪಿ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಬಲವಾಗಿ ವಿರೋಧಿಸಿತು. 1953ರಲ್ಲಿ ಅದು ನಿಂತಿತು. 1956ರಲ್ಲಿ ಗಾಯಕ ನ್ಯಾಟ್ ಕಿಂಗ್ ಕೋಲ್ ಅವರದೇ ಕಾರ್ಯಕ್ರಮ ಎನ್‌ಬಿಸಿಯಲ್ಲಿ ಶುರುವಾಯಿತು. ದೊಡ್ಡ ದೊಡ್ಡ ಕಲಾವಿದರು ಬಂದು ಹಾಡಿದರು. ಆದರೂ ರಾಷ್ಟ್ರಮಟ್ಟದ ಒಬ್ಬ ಜಾಹೀರಾತುದಾರನೂ ಸಿಗಲಿಲ್ಲ. ವರ್ಷ ಸ್ವಲ್ಪ ದಾಟುವಷ್ಟರಲ್ಲಿ ಅದೂ ನಿಂತಿತು. ಒಂದು ಕಡೆ ಅವಮಾನದ ಪಾತ್ರಕ್ಕೆ ಜಾಗ ಇತ್ತು, ಇನ್ನೊಂದು ಕಡೆ ಗೌರವದಿಂದ ನಿಂತ ಕಲಾವಿದನಿಗೆ ಹಣ ಕೊಡುವವರಿರಲಿಲ್ಲ.

1967ರ ಜನಾಂಗೀಯ ಗಲಭೆಗಳ ನಂತರ ಅಧ್ಯಕ್ಷ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ 1968ರಲ್ಲಿ ವರದಿ ಕೊಟ್ಟಿತು. ಅದರ ಒಂದು ಇಡೀ ಅಧ್ಯಾಯ ಮಾಧ್ಯಮಗಳ ಮೇಲಿತ್ತು. ಪತ್ರಿಕೆಗಳೂ ಟಿ.ವಿ.ಯೂ ಬಿಳಿಯರ ಕಣ್ಣಿನಿಂದಲೇ ದೇಶವನ್ನು ನೋಡುತ್ತಿವೆ, ಸುದ್ದಿಮನೆಗಳಲ್ಲಿ ಕಪ್ಪು ಪತ್ರಕರ್ತರು ತೀರಾ ಕಡಿಮೆ ಎಂದು ಅದು ನೇರವಾಗಿ ಬರೆಯಿತು. ಅದೇ ವರ್ಷ ‘ಜೂಲಿಯಾ’ ಎಂಬ ಸೀರಿಯಲ್‌ನಲ್ಲಿ ಡಯಾನ್ ಕ್ಯಾರಲ್ ನರ್ಸ್ ಪಾತ್ರ ಮಾಡಿದರು. ಕಪ್ಪು ಮಹಿಳೆ ಮನೆಕೆಲಸದವಳಲ್ಲದೆ ಕಥೆಯ ನಾಯಕಿಯಾಗಿ ಬಂದದ್ದು ಆಗ ದೊಡ್ಡ ಸುದ್ದಿ.

ಆಮೇಲೂ ದಾರಿ ಸುಲಭ ಇರಲಿಲ್ಲ. 1999ರಲ್ಲಿ ಅಮೆರಿಕದ ನಾಲ್ಕು ದೊಡ್ಡ ಚಾನೆಲ್‌ಗಳು 26 ಹೊಸ ಕಾರ್ಯಕ್ರಮ ಘೋಷಿಸಿದವು. ಒಂದರಲ್ಲೂ ಮುಖ್ಯ ಪಾತ್ರ ಬಿಳಿಯರಲ್ಲದವರಿಗೆ ಇರಲಿಲ್ಲ. ಮತ್ತೆ ಪ್ರತಿಭಟನೆ ನಡೆದು, ವೈವಿಧ್ಯ ಹೆಚ್ಚಿಸುವುದಾಗಿ ಚಾನೆಲ್‌ಗಳು ಒಪ್ಪಂದ ಮಾಡಿಕೊಂಡವು. ಏಷ್ಯಾ ಮೂಲದ ಕುಟುಂಬದ ಹಾಸ್ಯ ಸೀರಿಯಲ್ ಒಂದು 1994ರಲ್ಲಿ ಬಂದು ಬೇಗ ನಿಂತ ಮೇಲೆ, ದೊಡ್ಡ ಚಾನೆಲ್‌ನಲ್ಲಿ ಅಂಥದ್ದು ಮತ್ತೆ ಬರಲು 2015ರ ತನಕ ಕಾಯಬೇಕಾಯಿತು. ವಯೋಲಾ ಡೇವಿಸ್ ನಾಟಕೀಯ ಸೀರಿಯಲ್‌ನ ಮುಖ್ಯ ನಟಿಗೆ ಕೊಡುವ ಎಮ್ಮಿ ಪ್ರಶಸ್ತಿ ಪಡೆದದ್ದೂ 2015ರಲ್ಲೇ. ಅವರಿಗಿಂತ ಮೊದಲು ಯಾವ ಕಪ್ಪು ಮಹಿಳೆಗೂ ಅದು ಸಿಕ್ಕಿರಲಿಲ್ಲ.

ಭಾರತೀಯರನ್ನು ಅಲ್ಲಿ ಹೇಗೆ ತೋರಿಸಿದರು?

ಬಹಳ ಕಾಲ ನಗೆಪಾಟಲಿಗೆ. ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಭಾರತೀಯ ಅಂಗಡಿಯವ ಅಪು ಎಲ್ಲರಿಗೂ ಗೊತ್ತು. ಅವನಿಗೆ ಧ್ವನಿ ಕೊಟ್ಟವರು ಹ್ಯಾಂಕ್ ಅಜೇರಿಯಾ ಎಂಬ ಬಿಳಿಯ ನಟ. ಅಲ್ಲಿ ಬೆಳೆದ ಭಾರತೀಯ ಮೂಲದ ಮಕ್ಕಳನ್ನು ಶಾಲೆಯಲ್ಲಿ ಆ ಉಚ್ಚಾರಣೆಯಲ್ಲೇ ಆಡಿಕೊಳ್ಳುತ್ತಿದ್ದರು. ಹರಿ ಕೊಂಡಬೋಲು ಎಂಬ ಕಲಾವಿದ 2017ರಲ್ಲಿ ಇದರ ಬಗ್ಗೆಯೇ ಸಾಕ್ಷ್ಯಚಿತ್ರ ಮಾಡಿದರು. 2020ರಲ್ಲಿ ಅಜೇರಿಯಾ ಆ ಪಾತ್ರಕ್ಕೆ ಧ್ವನಿ ಕೊಡುವುದನ್ನು ಬಿಟ್ಟರು.

ಬ್ರಿಟನ್ನಿನಲ್ಲಿ ಬಿಬಿಸಿಯೇ 1958ರಿಂದ 1978ರ ತನಕ, ಬಿಳಿಯ ಗಾಯಕರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುವ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಇಪ್ಪತ್ತು ವರ್ಷ! ಭಾರತದಲ್ಲಿ ನಡೆಯುವ ಸೇನೆಯ ಕಥೆಯೊಂದರಲ್ಲಿ ಭಾರತೀಯ ಸೇವಕನ ಮುಖ್ಯ ಪಾತ್ರವನ್ನು ಮೈಬಣ್ಣ ಹಚ್ಚಿಕೊಂಡ ಬಿಳಿಯ ನಟ ಮಾಡಿದರು. 1998ರಲ್ಲಿ ದಕ್ಷಿಣ ಏಷ್ಯಾ ಮೂಲದವರೇ ಬರೆದು ನಟಿಸಿದ ಹಾಸ್ಯ ಕಾರ್ಯಕ್ರಮ ಬಿಬಿಸಿ ಟಿ.ವಿ.ಗೆ ಬಂತು. ಆಗ ನಗು ಯಾರ ಕೈಯಲ್ಲಿದೆ ಅನ್ನುವುದೇ ಬದಲಾಯಿತು.

ಅದು ಅವರ ಕಪ್ಪು-ಬಿಳಿ ಸಮಸ್ಯೆ. ನಮಗೂ ಅದಕ್ಕೂ ಏನು ಸಂಬಂಧ?

ನಮ್ಮ ಮದುವೆ ಜಾಹೀರಾತುಗಳನ್ನು ಓದಿ ನೋಡಿ. ಬಣ್ಣ ನಮ್ಮದೂ ಸಮಸ್ಯೆ. ಮೈಬಣ್ಣ ಬೆಳ್ಳಗಾದರೆ ಕೆಲಸ ಸಿಗುತ್ತದೆ, ಗಂಡ ಸಿಗುತ್ತಾನೆ ಎಂದು ಟಿ.ವಿ. ಜಾಹೀರಾತುಗಳು ದಶಕಗಟ್ಟಲೆ ಹೇಳಿದವು. 2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ, ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದು ಎಂದು ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ತನ್ನ ಹೆಸರನ್ನೇ ‘ಗ್ಲೋ ಆ್ಯಂಡ್ ಲವ್ಲಿ’ ಎಂದು ಬದಲಿಸಿಕೊಂಡಿತು. ಹೆಸರು ಹೋಯಿತು, ಆಸೆ ಹೋಗಿಲ್ಲ.

ಅದರ ಜೊತೆಗೆ ನಮ್ಮಲ್ಲಿ ಜಾತಿ ಇದೆ, ಧರ್ಮ ಇದೆ, ಭಾಷೆ ಇದೆ. 2011ರ ಜನಗಣತಿ ಪ್ರಕಾರ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇ. 24ರಷ್ಟು ಮುಸ್ಲಿಮರು, ಶೇ. 8ರಷ್ಟು ಕ್ರೈಸ್ತರು. ನೂರು ಜನರಲ್ಲಿ ಮೂವತ್ತಕ್ಕೂ ಜಾಸ್ತಿ. ಈಗ ನಿಮ್ಮ ಮನೆಯಲ್ಲಿ ಸಂಜೆ ನೋಡುವ ಕನ್ನಡ ಸೀರಿಯಲ್‌ಗಳನ್ನು ನೆನಪಿಸಿಕೊಳ್ಳಿ. ಅದರಲ್ಲಿ ಎಷ್ಟು ಮುಸ್ಲಿಂ ಮನೆ, ಎಷ್ಟು ಕ್ರೈಸ್ತ ಮನೆ ನೋಡಿದ್ದೀರಿ? ಪಾತ್ರ ಅಲ್ಲ, ಮನೆ. ಅಡುಗೆಮನೆ, ಅಜ್ಜಿ, ಪರೀಕ್ಷೆಗೆ ಓದುವ ಮಗಳು ಇರುವ ಮನೆ. ನಾಯಕನ ಮನೆಗೆ ಬಂದು ಹೋಗುವ ಗೆಳೆಯ, ಡ್ರೈವರ್, ನರ್ಸ್ ಒಬ್ಬರಿರಬಹುದು. ಅವರ ಹಿಂದೆ ಕ್ಯಾಮೆರಾ ಅವರ ಮನೆಯೊಳಗೆ ಹೋಗುವುದು ಅಪರೂಪ. ನನ್ನ ಪ್ರಕಾರ ಎಣಿಸಬೇಕಾದದ್ದು ಇದನ್ನು.

ಕಪ್ಪು ಹುಡುಗಿಯೇ ನಾಯಕಿಯಾದ ಸೀರಿಯಲ್‌ಗಳು ಬಂದಿವೆಯಲ್ಲ? ನನ್ನ ಮಗಳ ಬಣ್ಣವೂ ಕಪ್ಪು. ಅವಳಿಗೆ ಧೈರ್ಯ ಬರಲಿ ಎಂದು ನಾವು ಒಟ್ಟಿಗೆ ನೋಡುತ್ತೇವೆ.

ನಿಮ್ಮ ಮನಸ್ಸು ಅರ್ಥವಾಗುತ್ತದೆ. ಇಂಥ ಕಥೆಗಳು ಮಲಯಾಳದಿಂದ ತೆಲುಗು, ತಮಿಳು, ಕನ್ನಡಕ್ಕೆಲ್ಲ ಬಂದು ಗೆದ್ದಿವೆ. ಕಪ್ಪು ಬಣ್ಣದ ಹುಡುಗಿಯ ನೋವನ್ನು ಕೋಟ್ಯಂತರ ಜನ ಕೂತು ನೋಡಿದರು ಅನ್ನುವುದು ಸಣ್ಣ ವಿಷಯ ಅಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಎಷ್ಟೋ ಸಲ ಆ ಪಾತ್ರಕ್ಕೆ ಬೆಳ್ಳಗಿನ ನಟಿಯನ್ನೇ ಆರಿಸಿ, ಮುಖ ಕೈಗೆ ಕಪ್ಪು ಮೇಕಪ್ ಹಚ್ಚುತ್ತಾರೆ. ಬಣ್ಣದ ಕಾರಣಕ್ಕೆ ಹುಡುಗಿಗೆ ಅವಕಾಶ ಸಿಗದ ಕಥೆಯನ್ನು ಹೇಳುವಾಗಲೂ, ಆ ಬಣ್ಣದ ಹುಡುಗಿಗೆ ಅವಕಾಶ ಸಿಗುವುದಿಲ್ಲ. ಮತ್ತೆ ಆ ನಾಯಕಿಯ ಬದುಕೆಲ್ಲ ಬಣ್ಣದ ಸುತ್ತಲೇ ಸುತ್ತುತ್ತದೆ. ಅವಳಿಗೆ ಬೇರೆ ಕನಸು, ಬೇರೆ ಜಗಳ, ಬೇರೆ ಖುಷಿ ಇರುವುದಿಲ್ಲ.

ಮಗಳ ಜೊತೆ ನೋಡಿ. ಆದರೆ ಮೇಕಪ್ ಬಗ್ಗೆ ಅವಳಿಗೆ ಹೇಳಿ. ಅವಳಿಗೆ ಬೇಸರ ಆಗುತ್ತದೆ ಎಂದು ಮುಚ್ಚಿಡಬೇಡಿ. ಮಕ್ಕಳು ಅದನ್ನು ಮೊದಲೇ ಗಮನಿಸಿರುತ್ತಾರೆ.

ಈ ಬಣ್ಣ ಬಳಿಯುವ ಮಾತು ಬಂದಾಗ ನಮ್ಮ ಊರನ್ನೂ ನೋಡಿಕೊಳ್ಳಬೇಕು. ಉಡುಪಿಯ ಅಷ್ಟಮಿಗೆ ಹುಲಿವೇಷ ಎಷ್ಟು ಚಂದ. ಅದೇ ಹಬ್ಬಗಳಲ್ಲಿ ಮೈಗೆ ಮಸಿ ಬಳಿದುಕೊಂಡು ‘ಕೊರಗ ವೇಷ’ ಹಾಕಿ ಜನರನ್ನು ನಗಿಸುವ ರೂಢಿಯೂ ಇತ್ತು. ಇದು ತಮಗೆ ಅವಮಾನ ಎಂದು ಕೊರಗ ಸಮುದಾಯದವರು ಹೇಳುತ್ತಲೇ ಬಂದರು. ಜಿಲ್ಲಾಡಳಿತ ಅದನ್ನು ನಿಷೇಧಿಸಿತು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2000ದಲ್ಲೇ ಬಂದಿದೆ. ಬಿಬಿಸಿಯ ಆ ಕಾರ್ಯಕ್ರಮವನ್ನು ನೋಡಿ ನಾವು ಹೌಹಾರುತ್ತೇವೆ. ನಮ್ಮ ಬೀದಿಯಲ್ಲಿ ನಡೆದದ್ದೂ ಅದೇ.

ಕೊರಗರು ಟಿ.ವಿ.ಯಲ್ಲಿ ಕಾಣುತ್ತಾರಾ?

ಕಾರ್ಯಕ್ರಮದ ಉದ್ಘಾಟನೆಗೆ ಡೋಲು ಬಾರಿಸುವವರಾಗಿ ಕಾಣುತ್ತಾರೆ. ಬುಟ್ಟಿ ಹೆಣೆಯುವ ಕೈಗಳು ಕಾಣುತ್ತವೆ. ಕಾಲೋನಿಗೆ ಮಂತ್ರಿಗಳು ಬಂದಾಗ ಕಾಣುತ್ತಾರೆ. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಅತಿ ದುರ್ಬಲ ಬುಡಕಟ್ಟುಗಳು ಎರಡೇ, ಜೇನುಕುರುಬರು ಮತ್ತು ಕೊರಗರು. ಹಾಗಾಗಿ ಅವರ ಬಗ್ಗೆ ಬರುವ ವರದಿಯೆಲ್ಲ ಯೋಜನೆ, ಅನುದಾನ, ಆರೋಗ್ಯದ ಸುತ್ತ. ಅದೂ ಬೇಕು. ಆದರೆ ಓದಿ ಉಪನ್ಯಾಸಕರಾದ ಕೊರಗರಿದ್ದಾರೆ, ನರ್ಸ್‌ಗಳಿದ್ದಾರೆ, ಭೂಮಿಯ ಹಕ್ಕಿಗೆ ಹೋರಾಡಿ ಗೆದ್ದವರಿದ್ದಾರೆ. ಇಂದಿನ ಬೆಲೆ ಏರಿಕೆ ಬಗ್ಗೆಯೋ ಬಸ್ಸಿನ ಬಗ್ಗೆಯೋ ಬೀದಿಯಲ್ಲಿ ಅಭಿಪ್ರಾಯ ಕೇಳುವಾಗ ಒಬ್ಬ ಕೊರಗ ಹೆಂಗಸಿನ ಮುಂದೆ ಮೈಕ್ ಹಿಡಿದದ್ದನ್ನು ನಾನು ನೋಡಿಲ್ಲ. ನಮ್ಮ ಸ್ಥಳೀಯ ಚಾನೆಲ್‌ಗಳು ಇದನ್ನು ನಾಳೆಯೇ ಮಾಡಬಹುದು. ಇದಕ್ಕೆ ದುಡ್ಡು ಬೇಡ.

ಸಿದ್ದಿಗಳ ಬಗ್ಗೆ?

ಆಫ್ರಿಕಾ ಮೂಲದ ಸಿದ್ದಿಗಳು ಹೆಚ್ಚಾಗಿ ಇರುವುದು ನಮ್ಮ ಪಕ್ಕದ ಉತ್ತರ ಕನ್ನಡದಲ್ಲಿ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ. ಶತಮಾನಗಳಿಂದ ಇಲ್ಲಿಯವರು, ಮನೆಮಾತು ಕೊಂಕಣಿ, ಕನ್ನಡವೂ ಚೆನ್ನಾಗಿ ಬರುತ್ತದೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಬಂದರು. ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿಯಂಥ ಕಲಾವಿದರು ಕನ್ನಡಿಗರಿಗೆ ಗೊತ್ತು. ಆದರೂ ಟಿ.ವಿ.ಗೆ ಅವರು ಇವತ್ತಿಗೂ ‘ವಿಶೇಷ’. ಕುಣಿತ, ಗುಂಗುರು ಕೂದಲು, ಕಾಡು. ಕನ್ನಡದಲ್ಲೇ ಮಾತಾಡುವ ಇವರನ್ನು ‘ಯಾವ ದೇಶ’ ಎಂದು ಕೇಳುವ ಜನ ಇನ್ನೂ ಇದ್ದಾರೆ. ಕನ್ನಡ ಸೀರಿಯಲ್‌ನಲ್ಲಿ ಒಬ್ಬ ಸಿದ್ದಿ ಮೇಷ್ಟ್ರು ವಾರಕ್ಕೆ ಐದು ದಿನ ಬಂದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಕರಾವಳಿಯವರು ಟಿ.ವಿ.ಯಲ್ಲಿ ಬೇಕಾದಷ್ಟು ಇದ್ದಾರೆ. ಬಿಗ್ ಬಾಸ್ ಕೂಡ ಗೆದ್ದಿದ್ದಾರೆ. ಮತ್ತೆ ಏನು ದೂರು?

ನಿಜ. ಕನ್ನಡ ಬಿಗ್ ಬಾಸ್ ಏಳನೇ ಸೀಸನ್ ಗೆದ್ದವರು ಶೈನ್ ಶೆಟ್ಟಿ, ಒಂಬತ್ತನೆಯದು ರೂಪೇಶ್ ಶೆಟ್ಟಿ. ಇಬ್ಬರೂ ನಮ್ಮ ಕಡೆಯವರು, ಖುಷಿಯ ವಿಷಯ. ಆದರೆ ಸೀರಿಯಲ್ ಬರೆಯುವಾಗ ಕರಾವಳಿಯವ ಅಂದರೆ ಇನ್ನೂ ಹೋಟೆಲ್ ಇಟ್ಟವನು ಅಥವಾ ಅಡುಗೆ ಭಟ್ಟ. ‘ಎಂತ ಮಾರಾಯ್ರೆ’ ಎಂದರೆ ಮುಗಿಯಿತು, ಅಲ್ಲಿಗೆ ಕರಾವಳಿ. ಕುಂದಾಪುರದ ಕನ್ನಡ ಬೇರೆ, ಹವ್ಯಕರ ಮಾತು ಬೇರೆ, ತುಳು ಮನೆಮಾತಿನವರು ಆಡುವ ಕನ್ನಡ ಬೇರೆ. ಇದೆಲ್ಲ ಅಲ್ಲಿ ಒಂದೇ.

ಇನ್ನೊಂದು ವಿಷಯವೂ ಇದೆ, ಅದು ನಮಗೆ ಇರಿಸುಮುರಿಸು ಮಾಡುತ್ತದೆ. ಕರಾವಳಿಯ ಒಳಗೇ ದೊಡ್ಡ ಸಮುದಾಯಗಳಿಗೆ ದಾರಿ ಸ್ವಲ್ಪ ತೆರೆದಿದೆ, ಸಣ್ಣವರಿಗೆ ಇಲ್ಲ. ತುಳು ಮಾತಾಡುವವರು 2011ರ ಗಣತಿಯಲ್ಲಿ 18 ಲಕ್ಷಕ್ಕೂ ಜಾಸ್ತಿ. ತುಳು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಲ್ಲ ಎಂದು ನಾವು ದನಿ ಎತ್ತುತ್ತೇವೆ, ಸರಿಯಾದದ್ದೇ. ಹಾಗೆ ಎತ್ತುವಾಗ ಬ್ಯಾರಿ ಭಾಷೆಗೆ, ಕೊರಗರ ಮಾತಿಗೆ ನಮ್ಮ ಸ್ಥಳೀಯ ಚಾನೆಲ್‌ಗಳಲ್ಲಿ ಎಷ್ಟು ಹೊತ್ತು ಸಿಗುತ್ತಿದೆ ಎಂದೂ ಕೇಳಬೇಕು. ಬ್ಯಾರಿ ಭಾಷೆಯ ಮೊದಲ ಕಥಾಚಿತ್ರ 2011ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಗೌರವವನ್ನು ಹಂಚಿಕೊಂಡಿತು. ಇಡೀ ದೇಶ ಗುರುತಿಸಿದ ಭಾಷೆ ಅದು. ಉಳ್ಳಾಲದ, ಬಂದರಿನ ಬ್ಯಾರಿ ಮನೆಯೊಂದರ ಕಥೆ ಕನ್ನಡ ಚಾನೆಲ್‌ಗಳಲ್ಲಿ ಪ್ರತಿದಿನದ ಸೀರಿಯಲ್ ಆಗಲು ಏನು ಅಡ್ಡಿ?

ಕ್ರೈಸ್ತರದೂ ಹಾಗೆಯೇ. ಟಿ.ವಿ.ಯ ಕ್ರೈಸ್ತ ಕುಟುಂಬ ಕ್ರಿಸ್ಮಸ್‌ಗೆ ಮಾತ್ರ ಜೀವಂತ. ನಮ್ಮ ಕೊಂಕಣಿ ಕೆಥೊಲಿಕರ ಮನೆಯಲ್ಲಿ ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್. ಹೊಸ ತೆನೆ ಬರುತ್ತದೆ, ಮಕ್ಕಳು ಮರಿಯಮ್ಮನಿಗೆ ಹೂವು ಹಾಕುತ್ತಾರೆ, ಮನೆಮಂದಿಯೆಲ್ಲ ಕೂತು ಸಸ್ಯಾಹಾರದ ಊಟ ಮಾಡುತ್ತಾರೆ. ಹೊಸ ಅಕ್ಕಿಯ ಹಬ್ಬ ಮಾಡುವ ಹಿಂದೂ ಮನೆಗಳಿಗೆ ಇದು ಎಷ್ಟು ಹತ್ತಿರ! ಬರೆಯುವವರಿಗೆ ಇಂಥದ್ದು ಗೊತ್ತಿದ್ದರೆ ಒಂದು ವಾರದ ಎಪಿಸೋಡ್ ಸಿಗುತ್ತಿತ್ತು.

ಸುದ್ದಿ ಚಾನೆಲ್‌ಗಳು ಹೇಗೆ?

ಇದನ್ನು ಉಡುಪಿಯವರಿಗೆ ನಾನು ಹೇಳಬೇಕಾಗಿಲ್ಲ. 2022ರ ಆರಂಭದಲ್ಲಿ ಹಿಜಾಬ್ ವಿವಾದ ನಮ್ಮ ಊರಿನ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ದೇಶಕ್ಕೆಲ್ಲ ಹಬ್ಬಿತು. ಶಾಲೆಗೆ ಹೋಗುವ ಮಕ್ಕಳ ಹಿಂದೆ ಕ್ಯಾಮೆರಾ ಹಿಡಿದು ಓಡಿದ ದೃಶ್ಯಗಳನ್ನು ನಾವೆಲ್ಲ ನೋಡಿದೆವು. ಹಿಜಾಬ್ ಬೇಕು, ಬೇಡ ಅನ್ನುವುದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಹದಿನಾರು ಹದಿನೇಳರ ಹುಡುಗಿಯರ ಮುಖವನ್ನು ದಿನವಿಡೀ ತೋರಿಸಿ ನಡೆಸುವ ಚರ್ಚೆ ಸುದ್ದಿ ಅಲ್ಲ.

ಇದರ ಬಗ್ಗೆ ಒಂದು ತೀರ್ಪೂ ಬಂದಿದೆ. 2022ರ ಏಪ್ರಿಲ್‌ನಲ್ಲಿ ಒಂದು ಹಿಂದಿ ಸುದ್ದಿ ಚಾನೆಲ್ ಹಿಜಾಬ್ ಬಗ್ಗೆ ಚರ್ಚೆ ನಡೆಸುವಾಗ, ಹಿಜಾಬ್ ಪರ ಮಾತಾಡಿದವರನ್ನು ಭಯೋತ್ಪಾದಕರ ನಾಯಕನ ಜೊತೆ ತಳಕು ಹಾಕಿತು. ಸುದ್ದಿ ಪ್ರಸಾರಕರೇ ಮಾಡಿಕೊಂಡ ನಿಯಂತ್ರಣ ಪ್ರಾಧಿಕಾರ ಎನ್‌ಬಿಡಿಎಸ್‌ಎ ಅದಕ್ಕೆ ಅಕ್ಟೋಬರ್‌ನಲ್ಲಿ 50 ಸಾವಿರ ರೂಪಾಯಿ ದಂಡ ಹಾಕಿತು. ಅದಕ್ಕೂ ಮೊದಲು, 2021ರ ಜೂನ್‌ನಲ್ಲಿ, ಕೊರೊನಾ ಹೊತ್ತಿನ ತಬ್ಲೀಗಿ ಜಮಾತ್ ವರದಿಗಳಿಗಾಗಿ ಎರಡು ಕನ್ನಡ ಸುದ್ದಿ ಚಾನೆಲ್‌ಗಳಿಗೆ ದಂಡ ಬಿತ್ತು. ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ. ದೊಡ್ಡ ಚಾನೆಲ್‌ಗೆ ಈ ದುಡ್ಡು ಏನೂ ಅಲ್ಲ. ಆದರೆ ತಪ್ಪು ಎಂದು ಬರಹದಲ್ಲಿ ದಾಖಲಾಯಿತಲ್ಲ, ಅದಕ್ಕೆ ಬೆಲೆ ಇದೆ. ತಬ್ಲೀಗಿ ವರದಿಗಳ ಬಗ್ಗೆ ದೂರು ಕೊಟ್ಟವರು ಬೆಂಗಳೂರಿನ ಸಾಮಾನ್ಯ ನಾಗರಿಕರ ಗುಂಪು.

ಪ್ರತಿಭೆ ಇದ್ದವರು ಮೇಲೆ ಬಂದೇ ಬರುತ್ತಾರೆ. ಟಿ.ವಿ.ಯಲ್ಲೂ ಮೀಸಲಾತಿ ಬೇಕಾ?

ಮೀಸಲಾತಿ ಎಂದು ನಾನು ಹೇಳುತ್ತಿಲ್ಲ. ಬಾಗಿಲ ಬಳಿ ಯಾರು ಕೂತಿದ್ದಾರೆ ನೋಡಿ ಎನ್ನುತ್ತಿದ್ದೇನೆ. 2006ರಲ್ಲಿ ಯೋಗೇಂದ್ರ ಯಾದವ್ ಮತ್ತು ಇಬ್ಬರು ಸಂಶೋಧಕರು ದೆಹಲಿಯ 37 ಮಾಧ್ಯಮ ಸಂಸ್ಥೆಗಳ 315 ಹಿರಿಯರ ಸಮೀಕ್ಷೆ ಮಾಡಿದರು. ಶೇ. 71 ಮಂದಿ ಮೇಲ್ಜಾತಿಯ ಹಿಂದೂ ಗಂಡಸರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಮತ್ತೆ ನೋಡಿದವು. 121 ಉನ್ನತ ಹುದ್ದೆಗಳಲ್ಲಿ 106ರಲ್ಲಿ ಮೇಲ್ಜಾತಿಯವರು. ದಲಿತರು, ಆದಿವಾಸಿಗಳು ಮತ್ತೆ ಸೊನ್ನೆ. ಹದಿಮೂರು ವರ್ಷದಲ್ಲಿ ಒಬ್ಬರಿಗೂ ಪ್ರತಿಭೆ ಇರಲಿಲ್ಲ ಎಂದು ನಂಬಲು ನನ್ನಿಂದ ಆಗುವುದಿಲ್ಲ.

ಜನ ನೋಡುವುದನ್ನೇ ಚಾನೆಲ್ ತೋರಿಸುತ್ತದೆ. ಟಿಆರ್‌ಪಿ ಬರಬೇಕಲ್ಲ?

ಟಿಆರ್‌ಪಿ ಲೆಕ್ಕ ಬರುವುದು ಬಾರ್ಕ್ ಎಂಬ ಸಂಸ್ಥೆ ದೇಶದ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇಟ್ಟ ಮೀಟರ್‌ಗಳಿಂದ. ದೇಶದಲ್ಲಿ ಟಿ.ವಿ. ಇರುವ ಮನೆಗಳು 20 ಕೋಟಿಗೂ ಜಾಸ್ತಿ. ಮಾದರಿ ಸಮೀಕ್ಷೆ ಅಂದರೆ ಹಾಗೇ ಇರುತ್ತದೆ, ಅದು ತಪ್ಪಲ್ಲ. ಆದರೆ ತೋರಿಸದೇ ಇದ್ದುದನ್ನು ಜನ ಇಷ್ಟಪಡುತ್ತಿದ್ದರಾ ಎಂದು ಯಾವ ಮೀಟರ್ ಹೇಳುತ್ತದೆ?

ಜನರಿಗೇ ಆರಿಸಲು ಬಿಟ್ಟಾಗ ಏನಾಗುತ್ತದೆ ನೋಡಿ. ಹಾವೇರಿ ಕಡೆಯ ಕುರಿ ಮೇಯಿಸುವ ಲಂಬಾಣಿ ಹುಡುಗ ಹನುಮಂತ ಕನ್ನಡ ಗಾಯನ ಸ್ಪರ್ಧೆಯ ಫೈನಲ್ ತನಕ ಬಂದ. 2025ರ ಜನವರಿಯಲ್ಲಿ ಬಿಗ್ ಬಾಸ್ ಹನ್ನೊಂದನೇ ಸೀಸನ್ ಗೆದ್ದ. 2007ರ ಇಂಡಿಯನ್ ಐಡಲ್‌ನಲ್ಲಿ ಕೊನೆಗೆ ಉಳಿದ ಇಬ್ಬರು ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್, ಶಿಲ್ಲಾಂಗ್‌ನ ಅಮಿತ್ ಪಾಲ್. ಅಲ್ಲಿಯ ತನಕ ದೇಶದ ಟಿ.ವಿ. ಹೆಚ್ಚುಕಡಿಮೆ ಮರೆತೇ ಇದ್ದ ಊರುಗಳು ಅವು. ವೀಕ್ಷಕರು ವೋಟು ಹಾಕುವ ಕಡೆ ಲಂಬಾಣಿ ಹುಡುಗ ಗೆಲ್ಲುತ್ತಾನೆ. ಕೋಣೆಯಲ್ಲಿ ಕೂತು ಕಥೆ ಬರೆಯುವ ಕಡೆ ಅವನಿಗೆ ಪಾತ್ರವೇ ಇಲ್ಲ. ಅಂದಮೇಲೆ ತಡೆ ಇರುವುದು ಜನರಲ್ಲಿ ಅಲ್ಲ, ಅಲ್ವಾ?

ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯ 2014ರಿಂದ ಪ್ರಕಟಿಸುತ್ತಿರುವ ವರದಿಗಳೂ ಇದನ್ನೇ ಹೇಳುತ್ತವೆ. ಬೇರೆ ಬೇರೆ ಹಿನ್ನೆಲೆಯ ನಟರು ಇರುವ ಕಾರ್ಯಕ್ರಮಗಳನ್ನು ಜನ ಹಲವು ಸಲ ಜಾಸ್ತಿಯೇ ನೋಡಿದ್ದಾರೆ.

ಅಲ್ಪಸಂಖ್ಯಾತರೇ ಟಿ.ವಿ.ಗೆ ಬರಲು ಹಿಂಜರಿಯುತ್ತಾರಲ್ಲ?

ಕೆಲವರು ಹಿಂಜರಿಯುತ್ತಾರೆ. 2017ರಲ್ಲಿ ಸುಹಾನಾ ಸೈಯದ್ ಕನ್ನಡ ಗಾಯನ ಸ್ಪರ್ಧೆಯಲ್ಲಿ ಹಿಜಾಬ್ ತೊಟ್ಟು ಹಿಂದೂ ದೇವರ ಹಾಡು ಹಾಡಿದರು. ತೀರ್ಪುಗಾರರು ಹೊಗಳಿದರು. ಮರುದಿನವೇ ಸಾಮಾಜಿಕ ಜಾಲತಾಣದಲ್ಲಿ ಅವರ ಮೇಲೆ ದಾಳಿ ಶುರುವಾಯಿತು, ಮಂಗಳೂರಿನ ಹೆಸರು ಇಟ್ಟುಕೊಂಡ ಪುಟವೂ ಅದರಲ್ಲಿತ್ತು. ಹೊರಗಿನವರು ಅನುಮಾನದಿಂದ ನೋಡುತ್ತಾರೆ, ಒಳಗಿನವರು ಬೈಯುತ್ತಾರೆ. ಆ ಹುಡುಗಿಯ ಪರ ನಿಂತ ಮುಸ್ಲಿಮರೂ ಬಹಳ ಜನ ಇದ್ದರು. ಅವರ ಮಾತು ಚರ್ಚೆಗಳಲ್ಲಿ ಅಷ್ಟು ಕೇಳಿಸಲಿಲ್ಲ.

ದೂರು ಕೊಟ್ಟರೆ ಏನಾದರೂ ಆಗುತ್ತದಾ? ಹೇಗೆ ಕೊಡಬೇಕು?

ಆಗುತ್ತದೆ. ನನಗೆ ತುಂಬಾ ಇಷ್ಟದ ಕಥೆ ಮಿಸಿಸಿಪ್ಪಿಯ ಜಾಕ್ಸನ್ ಊರಿನದು. ಅಲ್ಲಿಯ ಡಬ್ಲ್ಯುಎಲ್‌ಬಿಟಿ ಎಂಬ ಚಾನೆಲ್ ನೋಡುವ ಪ್ರದೇಶದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಪ್ಪು ಜನ. ಆದರೆ ನಾಗರಿಕ ಹಕ್ಕುಗಳ ಸುದ್ದಿ ಬಂದರೆ ಚಾನೆಲ್ ಕೇಬಲ್ ತೊಂದರೆ ಎಂದು ಬೋರ್ಡ್ ಹಾಕಿ ಕತ್ತರಿಸುತ್ತಿತ್ತು. 1964ರಲ್ಲಿ ಎವರೆಟ್ ಪಾರ್ಕರ್ ಎಂಬ ಪಾದ್ರಿಯ ಜೊತೆ ಸೇರಿ ಊರಿನ ಸ್ವಯಂಸೇವಕರು ಕೂತು ಪ್ರಸಾರವನ್ನೆಲ್ಲ ನೋಡಿ ಬರೆದಿಟ್ಟರು. ದೂರು ಕೊಡಲು ವೀಕ್ಷಕರಿಗೆ ಹಕ್ಕೇ ಇಲ್ಲ ಎಂದಿತು ಸರ್ಕಾರಿ ಆಯೋಗ. 1966ರಲ್ಲಿ ನ್ಯಾಯಾಲಯ, ಹಕ್ಕಿದೆ ಎಂದಿತು. 1969ರಲ್ಲಿ ಆ ಚಾನೆಲ್‌ನ ಪರವಾನಗಿಯೇ ಹೋಯಿತು. ನೋಡಿ ಬರೆದಿಟ್ಟ ಕಾಗದದಿಂದ ಇಷ್ಟಾಯಿತು.

ನಮ್ಮಲ್ಲೂ ದಾರಿ ಇದೆ. 1995ರ ಕೇಬಲ್ ಟಿ.ವಿ. ಕಾಯ್ದೆಯ ಕೆಳಗೆ ಇರುವ ಕಾರ್ಯಕ್ರಮ ಸಂಹಿತೆ, ಧರ್ಮ ಅಥವಾ ಸಮುದಾಯಗಳ ಮೇಲೆ ದಾಳಿ ಮಾಡುವ, ಅವಹೇಳನ ಮಾಡುವ ಪ್ರಸಾರವನ್ನು ನಿಷೇಧಿಸುತ್ತದೆ. 2021ರ ನಿಯಮದ ಪ್ರಕಾರ ದೂರಿಗೆ ಮೂರು ಹಂತ. ಮೊದಲು ಚಾನೆಲ್‌ಗೇ ಬರೆಯಬೇಕು. ಅದರ ದೂರು ಅಧಿಕಾರಿಯ ವಿವರ ಚಾನೆಲ್‌ನ ವೆಬ್‌ಸೈಟಿನಲ್ಲಿ ಇರುತ್ತದೆ. ಹದಿನೈದು ದಿನದಲ್ಲಿ ಅವರು ತೀರ್ಮಾನ ಹೇಳಬೇಕು. ಸಮಾಧಾನ ಆಗದಿದ್ದರೆ ಮುಂದಿನ ಹದಿನೈದು ದಿನದಲ್ಲಿ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಸುದ್ದಿಗಾದರೆ ಎನ್‌ಬಿಡಿಎಸ್‌ಎ, ಸೀರಿಯಲ್, ರಿಯಾಲಿಟಿ ಶೋಗಳಿಗಾದರೆ ಬಿಸಿಸಿಸಿ. ಮೂರನೆಯದು ಕೇಂದ್ರ ಸರ್ಕಾರ. ಸ್ಥಳೀಯ ಕೇಬಲ್ ಚಾನೆಲ್ ಆದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನಿಗಾ ಸಮಿತಿ ಇದೆ.

ದೂರಿನಲ್ಲಿ ಕಾರ್ಯಕ್ರಮದ ಹೆಸರು, ತಾರೀಖು, ಗಂಟೆ, ಆಡಿದ ಮಾತು ಇದ್ದ ಹಾಗೇ ಇರಲಿ. ವಿಡಿಯೋ ತುಣುಕು ಉಳಿಸಿಡಿ. ಸಿಟ್ಟಿನ ಮಾತು ಬೇಡ. ತಡ ಮಾಡಬೇಡಿ, ಒಂದು ವಾರದ ಒಳಗೆ ಕಳುಹಿಸಿ. ಮೆಚ್ಚಿಗೆಯಾದದ್ದು ಬಂದಾಗಲೂ ಎರಡು ಸಾಲು ಬರೆಯಿರಿ. ಒಳ್ಳೆಯ ಕೆಲಸ ಮಾಡಿದ ಬರಹಗಾರನಿಗೆ ಚಾನೆಲ್‌ನ ಒಳಗೆ ಅದು ಬಲ ಕೊಡುತ್ತದೆ.

ಈಗ ಎಲ್ಲರೂ ಯೂಟ್ಯೂಬ್ ನೋಡುತ್ತಾರೆ. ಟಿ.ವಿ. ಬಗ್ಗೆ ತಲೆ ಯಾಕೆ ಕೆಡಿಸಿಕೊಳ್ಳಬೇಕು?

ಯೂಟ್ಯೂಬಿನಲ್ಲಿ ಬ್ಯಾರಿ ಹಾಸ್ಯ, ತುಳು ನಾಟಕ, ಕುಂದಾಪುರ ಕನ್ನಡ ಎಲ್ಲ ಸಿಗುತ್ತದೆ, ಸಂತೋಷ. ಆದರೆ ಅದನ್ನು ನೋಡುವವರು ಹೆಚ್ಚಾಗಿ ಆ ಭಾಷೆಯವರೇ. ರಾತ್ರಿ ಎಂಟಕ್ಕೆ ಬೀದರ್‌ನಲ್ಲೂ ಚಾಮರಾಜನಗರದಲ್ಲೂ ಒಟ್ಟಿಗೆ ನೋಡುವುದು ಇನ್ನೂ ಟಿ.ವಿ.ಯನ್ನೇ.

ಒಳ್ಳೆಯ ಉದಾಹರಣೆ ಒಂದಾದರೂ ಇದೆಯಾ?

ನಮ್ಮ ಕಡೆಯ ಹಿರಿಯರನ್ನು ಕೇಳಿ, ‘ಗುಡ್ಡದ ಭೂತ’ ಎನ್ನುತ್ತಾರೆ. 1990ರ ಸುಮಾರಿಗೆ ಸದಾನಂದ ಸುವರ್ಣರು ದೂರದರ್ಶನಕ್ಕೆ ಮಾಡಿದ ಸೀರಿಯಲ್. ಪ್ರಕಾಶ್ ರೈ ಅದರಲ್ಲಿ ನಟಿಸಿದ್ದರು. ಕಥೆ ಕರಾವಳಿಯದು, ಶೀರ್ಷಿಕೆ ಹಾಡು ತುಳು. ಯಾರೂ ಅದಕ್ಕೆ ಅರ್ಥ ವಿವರಿಸಲಿಲ್ಲ. ಇಡೀ ಕರ್ನಾಟಕ ‘ಡೆನ್ನಾನ ಡೆನ್ನಾನ’ ಎಂದು ಗುನುಗಿತು. ನಮ್ಮವರು ಅದರಲ್ಲಿ ಹಾಸ್ಯದ ವಸ್ತು ಆಗಿರಲಿಲ್ಲ, ಅವರ ಮನೆ, ಭಯ, ನಂಬಿಕೆಯೇ ಕಥೆಯಾಗಿತ್ತು. ಬರೆದವರಿಗೂ ಮಾಡಿದವರಿಗೂ ಊರು ಗೊತ್ತಿತ್ತು.

ನಾನು ವಿದ್ಯಾರ್ಥಿ. ನಮ್ಮ ಸಮುದಾಯದ ಕಥೆ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ರೇಡಿಯೋದಿಂದ. ಖರ್ಚು ಕಡಿಮೆ, ಕಿವಿ ಪಳಗುತ್ತದೆ. ಮಂಗಳೂರು ಆಕಾಶವಾಣಿ ತುಳು, ಕೊಂಕಣಿ, ಬ್ಯಾರಿ ಕಾರ್ಯಕ್ರಮಗಳನ್ನು ಕೊಡುತ್ತಾ ಬಂದಿದೆ. ಮಂಗಳೂರಿನ ರೇಡಿಯೋ ಸಾರಂಗ್ 107.8, ಮಣಿಪಾಲದ ರೇಡಿಯೋ ಮಣಿಪಾಲ್ 90.4 ಸಮುದಾಯ ರೇಡಿಯೋಗಳು, ಊರಿನವರು ಬಂದು ಮಾತಾಡಲೆಂದೇ ಇರುವಂಥವು. ಹದಿನೈದು ನಿಮಿಷದ ಒಂದು ನಾಟಕ ಬರೆದುಕೊಂಡು ಹೋಗಿ. ಅದರಲ್ಲಿ ನಿಮ್ಮ ಸಮುದಾಯವನ್ನು ಯಾರಿಗೂ ವಿವರಿಸಬೇಡಿ. ಅಮ್ಮ ಮಗಳು ಮೀನಿನ ರೇಟಿಗೆ ಜಗಳ ಆಡಲಿ, ಅಜ್ಜ ಮಾತ್ರೆ ಮರೆಯಲಿ, ಬಸ್ಸು ತಪ್ಪಲಿ. ಬರೆದಾದ ಮೇಲೆ ಮನೆಯವರಿಗೇ ಮೊದಲು ಓದಿ ಹೇಳಿ. ಮಾತು ಎಲ್ಲಿ ಸುಳ್ಳಾಯಿತು ಎಂದು ಅವರು ಕೂಡಲೇ ಹೇಳುತ್ತಾರೆ.